ಬಿದ್ದವರನ್ನು ಎತ್ತುವ ಕಾಯಿದೆ

ಸಾಸಿವೆ ಕಾಳಿನಷ್ಟು ದಪ್ಪದ ಒಂದು ಸ್ಕ್ರೂ ಕೈಜಾರದೆ ಹೋಗಿದ್ದರೆ ಭೂತಗನ್ನಡಿ ಆವತ್ತು ಹೊತ್ತಿಗೆ ಸರಿಯಾಗಿ ಕೋರ್ಟಿನಲ್ಲಿರುತ್ತಿದ್ದ.

ಭೂತಗನ್ನಡಿ ಎಂದರೆ ಬೀದಿಯ ಮೂಲೆಯ ಕನ್ನಡಕದಂಗಡಿಯವನು. ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುತ್ತಿದ್ದುದರಿಂದ ಜನ ಅವನಿಗೆ ಆ ಹೆಸರಿಟ್ಟಿದ್ದರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ಎರಡೂ ಬಾಡಿಗೆಯವು. ಮಾಲೀಕನಿಗೆ ಆ ಕಟ್ಟಡ ಕೆಡವಿ ಎತ್ತರದ್ದೊಂದು ಕಟ್ಟಿಸುವ ಹಂಬಲ. ಭೂತಗನ್ನಡಿ ಜಪ್ಪಯ್ಯ ಅಂದರೂ ಬಿಡಲಿಲ್ಲ, ಮಾಲೀಕ ಕೇಸು ಹಾಕಿದ. ಒಮ್ಮೆ ಜ್ವರ ಬಂದು, ಇನ್ನೊಮ್ಮೆ ಅತ್ತೆ ತೀರಿಕೊಂಡು, ಭೂತಗನ್ನಡಿ ಎರಡು ಸಲ ಕೋರ್ಟಿಗೆ ಹೋಗಿರಲಿಲ್ಲ. ‘ಮೂರನೇ ಸಲವೂ ಬರದಿದ್ದರೆ ಖಾಲಿ ಮಾಡಿ ಎಂದು ಆದೇಶ ಬರೆದುಬಿಡುತ್ತೇನೆ’ ಎಂದು ನ್ಯಾಯಾಧೀಶರು ಹೇಳಿಕಳಿಸಿದ್ದರು. ಆ ಮೂರನೇ ಸಲ ಆವತ್ತೇ.

“ಹೊರಡ್ರೀ ಅಂದ್ರೆ ಇನ್ನೂ ಅದೇನು ಕುಟ್ಟುತ್ತಾ ಕೂತಿದ್ದೀರಾ?” ಎಂದು ಹೆಂಡತಿ ಮೇಲಿನಿಂದ ಕೂಗಿದಳು.

“ಒಂದೇ ಒಂದು ಸ್ಕ್ರೂ ಕಣೇ. ಆ ಪಿಂಚಣಿ ಮೇಷ್ಟ್ರು ಕನ್ನಡಕ ಇಲ್ದೆ ಪೇಪರ್ ಓದೋಕಾಗ್ದೆ ಒದ್ದಾಡ್ತಿದ್ದಾರೆ.”

ಬೆಳಕಿಗೆ ಹಿಡಿದು ನೋಡೋಣವೆಂದು ಹೊಸ್ತಿಲಿಗೆ ಬಂದ. ಸ್ಕ್ರೂ ಜಾರಿ ಬೀದಿಗೆ ಹಾರಿತು. ಭೂತಗನ್ನಡಿ ಮೊದಲು ಕುಕ್ಕರುಗಾಲಿನಲ್ಲಿ ಕೂತು ಹುಡುಕಿದ. ಆಮೇಲೆ ಮಂಡಿಯೂರಿದ. ಸಣ್ಣ ಸಾಮಾನನ್ನು ಹುಡುಕುವ ಕಸುಬಿನವರಿಗೆಲ್ಲ ಗೊತ್ತಿರುವ ಒಂದು ಉಪಾಯವಿದೆ. ಕೆನ್ನೆಯನ್ನು ನೆಲಕ್ಕೆ ಒತ್ತಿ ಅಡ್ಡಲಾಗಿ ನೋಡಿದರೆ ಬಿದ್ದದ್ದು ಎದ್ದು ಕಾಣುತ್ತದೆ. ಹಾಗೇ ಮಾಡಿದ. ಸ್ಕ್ರೂ ಕಾಣಲಿಲ್ಲ, ಪಕ್ಕದಂಗಡಿಯ ದರ್ಜಿಯ ಪಾದ ಕಂಡಿತು.

“ಅಯ್ಯಯ್ಯೋ, ಭೂತಗನ್ನಡಿ ಅಣ್ಣ ಬಿದ್ದುಬಿಟ್ರು!” ಎಂದು ದರ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದ.

ದರ್ಜಿಯ ಗಾಬರಿಗೆ ಕಾರಣ ಪ್ರೀತಿಯಲ್ಲ, ಹೊಸ ಕಾಯಿದೆ. ಆ ಕಾಯಿದೆಯ ಹುಟ್ಟನ್ನು ಇಲ್ಲೇ ಹೇಳಿಬಿಡುವುದು ವಾಸಿ. ಒಬ್ಬ ಮಂತ್ರಿಗಳು ದೂರದ ಒಂದು ದೇಶಕ್ಕೆ ಪ್ರವಾಸ ಹೋಗಿದ್ದರು. ಅಲ್ಲಿ ಎಡವಿ ಬಿದ್ದ ಒಬ್ಬ ಮುದುಕಿಯನ್ನು ನಾಲ್ಕು ಜನ ಓಡಿಬಂದು ಎತ್ತಿ, ಮಂಡಿಯ ಧೂಳು ಒರೆಸಿ ಕಳಿಸಿದ್ದನ್ನು ನೋಡಿ ಮಂತ್ರಿಗಳು ಬೆರಗಾದರು. ಇದು ಹೇಗೆ ಸಾಧ್ಯವಾಯಿತೆಂದು ಕೇಳಿದರು. ಜೊತೆಗಿದ್ದ ಅಲ್ಲಿನ ಅಧಿಕಾರಿ, “ನಮ್ಮಲ್ಲಿ ಅದಕ್ಕೊಂದು ಕಾಯಿದೆ ಇದೆ” ಎಂದ. ಎತ್ತಿದ ನಾಲ್ವರಲ್ಲಿ ಒಬ್ಬನಿಗೂ ಆ ಕಾಯಿದೆಯ ವಿಷಯ ಗೊತ್ತಿರಲಿಲ್ಲ. ಅದನ್ನು ಅಧಿಕಾರಿ ಹೇಳಲಿಲ್ಲ, ಮಂತ್ರಿಗಳು ಕೇಳಲಿಲ್ಲ. ಬೇರೆಯವರು ಪ್ರವಾಸದಿಂದ ಮಕ್ಕಳಿಗೆ ಬೊಂಬೆ ತರುವ ಹಾಗೆ ಇವರು ಊರಿಗೆ ಕಾಯಿದೆ ತಂದರು.

ಅಲ್ಲಿನ ಕಾಯಿದೆಗೆ ಎರಡು ಭಾಗವಿತ್ತು. ಬಿದ್ದವರನ್ನು ಕಂಡೂ ಎತ್ತದವರಿಗೆ ಶಿಕ್ಷೆ ಎಂಬುದು ಒಂದು. ಎತ್ತಿದವರನ್ನು ಯಾರೂ ಪೀಡಿಸಬಾರದು ಎಂಬುದು ಇನ್ನೊಂದು. ಎರಡನೆಯದು ಸುಮ್ಮನೆ ಉದ್ದವಾಯಿತೆಂದು ಇಲ್ಲಿಯವರು ತೆಗೆದುಹಾಕಿ, ಆ ಜಾಗದಲ್ಲಿ ‘ಎತ್ತಿದ್ದಕ್ಕೆ ಫೋಟೊ ತೋರಿಸತಕ್ಕದ್ದು’ ಎಂದು ಸೇರಿಸಿದರು. ಜನ ಹೊಸ ಕಾಯಿದೆಯನ್ನು ಎರಡೇ ವಾರದಲ್ಲಿ ಅರೆದು ಕುಡಿದರು. ಪೊಲೀಸರು ಕೇಳಿದರೆ ತೋರಿಸಲೆಂದು ಎಲ್ಲರೂ ಒಂದೊಂದು ಫೋಟೊಗಾಗಿ ಕಾಯತೊಡಗಿದರು. ಆದರೆ ನಿಜವಾಗಿ ಬಿದ್ದವರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಕೈಯಲ್ಲೇ ಪ್ರಾಣ ಬಿಟ್ಟರೆ ಪೊಲೀಸರಿಗೆ ಉತ್ತರ ಹೇಳುವವರು ಯಾರು? ಎತ್ತುವುದಕ್ಕೆ ಎಲ್ಲಕ್ಕಿಂತ ಒಳ್ಳೆಯವನೆಂದರೆ ಗಟ್ಟಿಮುಟ್ಟಾಗಿದ್ದೂ ನೆಲದ ಮೇಲಿರುವವನು. ಅಂಥವನು ಸಿಗುವುದು ಅಪರೂಪ. ಆವತ್ತು ಸಿಕ್ಕಿದ್ದ.

“ನಾನು ಬಿದ್ದಿಲ್ಲಯ್ಯಾ! ಸ್ಕ್ರೂ ಬಿದ್ದಿದೆ!” ಎಂದ ಭೂತಗನ್ನಡಿ.

“ತಲೆಗೆ ಪೆಟ್ಟು ಬಿದ್ದಿರಬೇಕು. ಏನೇನೋ ಮಾತಾಡ್ತಿದ್ದಾರೆ,” ಎಂದು ದರ್ಜಿ ಕಂಕುಳಿಗೆ ಕೈಹಾಕಿ ಎತ್ತಿದ. ಪಿಂಚಣಿ ಮೇಷ್ಟ್ರು ಓಡಿಬಂದು ಕಾಲು ಹಿಡಿದರು. ಕನ್ನಡಕವಿಲ್ಲದ ಕಾರಣ ಮೊದಲು ದರ್ಜಿಯ ಕಾಲನ್ನೇ ಹಿಡಿದಿದ್ದರು.

“ಮೇಷ್ಟ್ರೇ, ನೀವಾದ್ರೂ ಹೇಳಿ. ನನಗೆ ಕೋರ್ಟಿಗೆ ಹೊತ್ತಾಯ್ತು!”

“ಮಾತಾಡಿ ಆಯಾಸ ಮಾಡ್ಕೋಬೇಡಪ್ಪಾ. ಸ್ವಲ್ಪ ನೋವಿನ ಮುಖ ಮಾಡು, ಫೋಟೊ ಚೆನ್ನಾಗಿ ಬರಲಿ,” ಎಂದರು ಮೇಷ್ಟ್ರು.

ಅಷ್ಟರಲ್ಲಿ ಬೀದಿಯೇ ನೆರೆಯಿತು. ಒಬ್ಬೊಬ್ಬರೂ ಬಂದು ಭೂತಗನ್ನಡಿಯ ಒಂದೊಂದು ಅಂಗವನ್ನು ಹಿಡಿದು ಫೋಟೊ ತೆಗೆಸಿಕೊಂಡರು. ಕೊನೆಗೆ ಬಂದವನಿಗೆ ಕಿವಿ ಮಾತ್ರ ಉಳಿದಿತ್ತು, ಅವನು ಅದನ್ನೇ ಹಿಡಿದುಕೊಂಡ. ಗದ್ದಲ ಕೇಳಿ ಹೆಂಡತಿ ಇಳಿದು ಬರುವಷ್ಟರಲ್ಲಿ ಮೆರವಣಿಗೆ ಆಸ್ಪತ್ರೆಯ ದಾರಿ ಹಿಡಿದಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು, ನಾಲಗೆ, ಎದೆ ಎಲ್ಲ ನೋಡಿದರು.

“ನಿಮಗೇನೂ ಆಗಿಲ್ಲವಲ್ಲ!”

“ಅದನ್ನೇ ಡಾಕ್ಟರೇ ನಾನು ಬೆಳಗ್ಗೆಯಿಂದ ಬಾಯಿ ಬಡ್ಕೊಳ್ತಿರೋದು. ಬಿಡಿ, ಹೋಗ್ತೀನಿ.”

“ಬಿಡೋದು ಹೇಗೆ? ನೀವು ಗೇಟಿನ ಹತ್ರ ಹೋಗಿ ಬಿದ್ರೆ ಕೊನೇಲಿ ನೋಡಿದವನು ನಾನೇ ಆಗ್ತೀನಿ. ನಿಮ್ಮೋರು ಯಾರಾದ್ರೂ ಬಂದು ಒಪ್ಪಿಸಿಕೊಳ್ಳಲಿ.”

ಹೆಂಡತಿ ಏದುಸಿರು ಬಿಡುತ್ತಾ ಬಂದು ಒಪ್ಪಿಸಿಕೊಂಡಳು. ಹೊರಗೆ ಬಂದ ಮೇಲೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಜಕ್ಕೂ ಏನೂ ಆಗಿಲ್ವೇನ್ರೀ?” ಎಂದಳು. ಅವಳ ಕಣ್ಣು ತುಂಬಿತ್ತು. ಇಡೀ ಬೆಳಗ್ಗೆ ಅವನನ್ನು ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

“ಏನೂ ಇಲ್ಲ ಕಣೇ. ನೀನು ಹೋಗಿ ಅಂಗಡಿ ನೋಡ್ಕೋ, ಬಾಗಿಲು ತೆರೆದೇ ಇದೆ. ನಾನು ಓಡ್ತೀನಿ.”

ಓಡಿದ. ಕೋರ್ಟಿನ ಹಿಂದಿನ ಓಣಿಗೆ ತಿರುಗಿದಾಗ ಉಸಿರು ಬಾಯಿಗೆ ಬಂದಿತ್ತು. ಓಣಿಯ ನಡುವೆ ಒಬ್ಬ ಮನುಷ್ಯ ಬೋರಲು ಬಿದ್ದಿದ್ದ. ಇವನು ಸ್ಕ್ರೂ ಹುಡುಕುತ್ತಿರಲಿಲ್ಲ. ಒಂದು ಕೈ ಮೈಯಡಿ ಸಿಕ್ಕಿಕೊಂಡಿತ್ತು, ಇನ್ನೊಂದು ಕೈಯ ಉಗುರು ನೀಲಿಗಟ್ಟಿತ್ತು. ಓಣಿಯಲ್ಲಿ ಜನವಿರಲಿಲ್ಲ ಎಂದಲ್ಲ. ಒಬ್ಬ ಆಕಾಶದಲ್ಲಿ ಏನನ್ನೋ ಹುಡುಕುತ್ತಾ ದಾಟಿದ. ಇನ್ನೊಬ್ಬ ಫೋನು ಕಿವಿಗಿಟ್ಟುಕೊಂಡು ಗೋಡೆಗೆ ಮುಖ ಮಾಡಿ ನಡೆದ, ಫೋನು ತಲೆಕೆಳಗಾಗಿತ್ತು. ಎದುರಿನ ನೂಲಿನಂಗಡಿಯಲ್ಲಿ ದರ್ಜಿಯೂ ಇದ್ದ. ಗುಂಡಿ ಕೊಳ್ಳಲು ಬಂದವನು ಬಾಗಿಲಿಗೆ ಬೆನ್ನು ಹಾಕಿ ಒಂದೇ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಫೋಟೊ ಅವನಿಗೆ ಬೆಳಗ್ಗೆಯೇ ಆಗಿತ್ತು.

ಭೂತಗನ್ನಡಿಗೆ ಮೈಯೆಲ್ಲ ಉರಿಯಿತು. ಹಾಳಾಗಿ ಹೋಗಲಿ, ನಾನೂ ನೋಡಿಲ್ಲ ಎಂದುಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದ. ಕಾಲು ತಾನಾಗಿ ನಿಂತಿತು. ಬೈದುಕೊಳ್ಳುತ್ತಲೇ ಹಿಂದಿರುಗಿ ಬಂದು ಬಿದ್ದವನನ್ನು ಅಂಗಾತ ತಿರುಗಿಸಿದ.

ಬಿದ್ದವನು ಕನ್ನಡಕದಂಗಡಿಯ ಕಟ್ಟಡದ ಮಾಲೀಕ. ಅದೇ ಕೇಸಿಗೆ, ಅದೇ ಕೋರ್ಟಿಗೆ ಹೊರಟಿದ್ದವನು.

ಭೂತಗನ್ನಡಿ ಅವನನ್ನು ನೋಡಿದ, ಓಣಿಯ ತುದಿಯಲ್ಲಿ ಕಾಣುತ್ತಿದ್ದ ಕೋರ್ಟಿನ ಮೆಟ್ಟಿಲು ನೋಡಿದ. ಇವನನ್ನು ಇಲ್ಲೇ ಬಿಟ್ಟರೆ ಅಂಗಡಿ ಉಳಿದಂತೆಯೇ. ಬಹುಶಃ ಶಾಶ್ವತವಾಗಿ. ಯೋಚನೆ ಬಂದದ್ದಕ್ಕೆ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

“ಸ್ವಾಮೀ! ಯಜಮಾನ್ರೇ! ಕಣ್ಣು ಬಿಡಿ!” ಎಂದು ಭುಜ ಹಿಡಿದು ಅಲುಗಾಡಿಸಿದ. ಮಾಲೀಕ ಒಂದು ಗಳಿಗೆ ಕಣ್ಣು ತೆರೆದು ಅವನ ಮುಖ ನೋಡಿ ಮತ್ತೆ ಮುಚ್ಚಿಕೊಂಡ. ಎದುರಿಗೊಂದು ಖಾಲಿ ತಳ್ಳುಗಾಡಿ ನಿಂತಿತ್ತು. ಅದರ ಯಜಮಾನ ಆ ಕಡೆ ತಿರುಗಿ ನಿಂತಿದ್ದರಿಂದ ಕೇಳುವ ಅಗತ್ಯವೂ ಬೀಳಲಿಲ್ಲ. ಭಾರಿ ಆಳಾದ ಮಾಲೀಕನನ್ನು ಒಬ್ಬನೇ ಹೇಗೋ ಗಾಡಿಗೆ ಹೇರಿಕೊಂಡು ತಳ್ಳಿದ. ಎರಡೂ ಕೈಯಲ್ಲಿ ಮನುಷ್ಯನನ್ನು ಹಿಡಿದವನು ಫೋಟೊ ತೆಗೆಯುವುದು ಹೇಗೆಂದು ಕಾಯಿದೆ ಬರೆದವರು ಯೋಚಿಸಿರಲಿಲ್ಲ.

“ಮತ್ತೆ ನೀವೇನ್ರೀ?” ಎಂದರು ಡಾಕ್ಟರು. ಗಾಡಿಯಲ್ಲಿದ್ದವನನ್ನು ನೋಡಿದ ಮೇಲೆ ಮಾತು ನಿಲ್ಲಿಸಿ ಕೆಲಸಕ್ಕಿಳಿದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, “ಇನ್ನೊಂದು ಗಳಿಗೆ ತಡ ಮಾಡಿದ್ರೆ ಹೋಗಿಬಿಡ್ತಿದ್ರು. ಪುಣ್ಯಾತ್ಮರು ನೀವು,” ಎಂದರು. ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಪುರುಸೊತ್ತೂ ಪುಣ್ಯಾತ್ಮನಿಗಿರಲಿಲ್ಲ.

ಕೋರ್ಟು ಮುಟ್ಟಿದಾಗ ಕೇಸು ಮುಗಿದಿತ್ತು. ಮಾಲೀಕನ ಬದಲು ಅವನ ವಕೀಲ ನಿಂತಿದ್ದ. ಬಾಡಿಗೆದಾರ ಮೂರನೇ ಸಲವೂ ಬಂದಿರಲಿಲ್ಲ. ಖಾಲಿ ಮಾಡಿ ಎಂಬ ಆದೇಶದ ಮಸಿ ಇನ್ನೂ ಆರಿರಲಿಲ್ಲ.

“ಮಹಾಸ್ವಾಮಿ, ನಾನು ಇವರ ಕಕ್ಷಿದಾರರನ್ನೇ ಎತ್ತಿಕೊಂಡು ಹೋಗಿದ್ದೆ! ಓಣೀಲಿ ಬಿದ್ದಿದ್ರು!” ಎಂದು ಭೂತಗನ್ನಡಿ ಕೈಮುಗಿದ.

ನ್ಯಾಯಾಧೀಶರು ಕಟುಕರೇನಲ್ಲ. ಪೆನ್ನು ಕೆಳಗಿಟ್ಟು ನೋಡಿದರು. ಆದರೆ ವಕೀಲ ಎದ್ದು ನಿಂತ.

“ಮಹಾಸ್ವಾಮಿ, ನನ್ನ ಕಕ್ಷಿದಾರರು ಬೆಳಗ್ಗೆ ಗುಂಡುಕಲ್ಲಿನ ಹಾಗಿದ್ರು. ಅವರು ಕೋರ್ಟಿಗೆ ಬರದೆ ಇದ್ರೆ ಲಾಭ ಯಾರಿಗೆ? ಇವರಿಗೆ. ಅವರು ಬಿದ್ದಾಗ ಹತ್ತಿರ ಇದ್ದೋರು ಯಾರು? ಇವರು. ಬೀಳಿಸದೆ ಇದ್ರೆ ಇವರಿಗೆ ಎತ್ತೋ ಉಸಾಬರಿ ಯಾಕೆ ಬೇಕಿತ್ತು? ಬೇರೆ ಯಾರಾದ್ರೂ ಎತ್ತಿದ್ರಾ?”

ಕೋರ್ಟಿನಲ್ಲಿದ್ದವರೆಲ್ಲ ತಲೆದೂಗಿದರು. ತಾವಾಗಿದ್ದರೆ ಎತ್ತುತ್ತಿರಲಿಲ್ಲ ಎಂಬುದು ಅವರಿಗೇ ಗೊತ್ತಿತ್ತು.

“ಇವರು ತಳ್ಳಿದ್ದಲ್ಲ ಅಂತ ತಿಳಿದರೆ ಆದೇಶ ವಾಪಸು ತಗೊಳ್ತೀನಿ. ನೋಡಿದವರನ್ನು ವಿಚಾರಿಸಿ,” ಎಂದು ನ್ಯಾಯಾಧೀಶರು ಒಬ್ಬ ಪೊಲೀಸಿನವನನ್ನು ಜೊತೆಗೆ ಕಳಿಸಿದರು.

ಓಣಿಯಲ್ಲಿ ಯಾರೂ ಏನೂ ನೋಡಿರಲಿಲ್ಲ. ನೂಲಿನಂಗಡಿಯವನು ಕಣ್ಣಿಗೆ ಪೊರೆ ಬಂದಿದೆ ಎಂದ. ತಳ್ಳುಗಾಡಿಯವನು ತನಗೆ ಗಾಡಿಯೇ ಇಲ್ಲ ಎಂದ. ದರ್ಜಿ ಇನ್ನೂ ಅಲ್ಲೇ ಇದ್ದ. ಭೂತಗನ್ನಡಿಗೆ ಹೋದ ಜೀವ ಬಂದಂತಾಯಿತು.

“ಲೋ, ಹೇಳೋ! ನಾನು ಬರೋಕೆ ಮುಂಚೆನೇ ಅವರು ಬಿದ್ದಿದ್ರು ಅಂತ ಹೇಳೋ!”

“ನಾನು ಗುಂಡಿ ನೋಡ್ತಿದ್ದೆ ಸಾರ್,” ಎಂದ ದರ್ಜಿ ಪೊಲೀಸಿನವನಿಗೆ. ಪೊಲೀಸಿನವನು ಆಚೆ ಸರಿದ ಮೇಲೆ ಭೂತಗನ್ನಡಿಯ ಕಿವಿಯಲ್ಲಿ, “ಬೇಜಾರು ಮಾಡ್ಕೋಬೇಡಣ್ಣಾ. ಬಿದ್ದಿದ್ದನ್ನ ನೋಡ್ದೆ ಅಂದ್ರೆ ಯಾಕೆ ಎತ್ತಲಿಲ್ಲ ಅಂತ ನನ್ನನ್ನೇ ಒಳಗೆ ಹಾಕ್ತಾರೆ. ಮನೇಲಿ ಹೆಂಡ್ತಿ ಮಕ್ಕಳಿದ್ದಾರೆ,” ಎಂದ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. ಆ ಸಂಕಟದಿಂದ ಭೂತಗನ್ನಡಿಗೆ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ಉಳಿದವನು ಮಾಲೀಕ ಒಬ್ಬನೇ. ಇಬ್ಬರೂ ಆಸ್ಪತ್ರೆಗೆ ನಡೆದರು. ಸುದ್ದಿ ತಿಳಿದ ಹೆಂಡತಿಯೂ ಅಲ್ಲಿಗೆ ಬಂದಿದ್ದಳು. ಮಾಲೀಕ ದಿಂಬಿಗೊರಗಿ ಕೂತಿದ್ದ. ಭೂತಗನ್ನಡಿಯನ್ನು ಕಂಡು ಮುಖ ಅರಳಿಸಿ ಕೈ ಚಾಚಿದ.

“ಹೇಗೆ ಬಿದ್ರಿ ಯಜಮಾನ್ರೇ? ಯಾರಾದ್ರೂ ತಳ್ಳಿದ್ರಾ?” ಎಂದು ಪೊಲೀಸಿನವನು ಕೇಳಿದ.

ಮಾಲೀಕ ದುರಾಸೆಯವನು ಹೌದು, ಸುಳ್ಳುಗಾರನಲ್ಲ. ಹಣೆ ಉಜ್ಜಿಕೊಂಡು ನೆನಪು ಮಾಡಿಕೊಂಡ.

“ಹೇಗೆ ಬಿದ್ದೆ ಅನ್ನೋದು ನೆನಪಿಲ್ಲಪ್ಪ. ಒಂದು ಮಾತ್ರ ಚೆನ್ನಾಗಿ ನೆನಪಿದೆ. ಕಣ್ಣು ಬಿಟ್ಟಾಗ ಇವರು ನನ್ನ ಮೇಲೆ ಬಗ್ಗಿಕೊಂಡು ಎರಡೂ ಭುಜ ಹಿಡಿದು ಜೋರಾಗಿ ಅಲುಗಾಡಿಸ್ತಾ ಇದ್ರು.” ಹಾಗೆಂದು ಭೂತಗನ್ನಡಿಯ ಕೈಯನ್ನು ಕೃತಜ್ಞತೆಯಿಂದ ಒತ್ತಿದ.

“ಇಷ್ಟು ಸಾಕು,” ಎಂದ ಪೊಲೀಸಿನವನು. ಭೂತಗನ್ನಡಿಯ ಇನ್ನೊಂದು ಕೈಯನ್ನು ಅವನು ಹಿಡಿದುಕೊಂಡ.

ಹೆಂಡತಿ ಗಂಡನ ಅಂಗಿ ಹಿಡಿದುಕೊಂಡಳು. ಭೂತಗನ್ನಡಿ ಅವಳ ಕಡೆ ನೋಡಲಾರದೆ ಪೊಲೀಸಿನವನ ಕಡೆ ನೋಡಿದ.

“ಅಲ್ಲಾ ಸ್ವಾಮಿ, ನಾನು ಇವರನ್ನ ಎತ್ತದೆ ಸುಮ್ನೆ ಕೋರ್ಟಿಗೆ ಹೋಗಿದ್ರೆ?”

ಪೊಲೀಸಿನವನು ಒಳ್ಳೆಯವನು. ತುಸು ಯೋಚಿಸಿಯೇ ಉತ್ತರ ಕೊಟ್ಟ.

“ಅದಕ್ಕೂ ಶಿಕ್ಷೆ ಇದೆಯಪ್ಪ. ಆದ್ರೆ ಇಷ್ಟಿಲ್ಲ.”