ಹಿನ್ನೀರಿನ ಅಲೆ ಏರಿದ ಬೆಂಡಿನ ಬೊಂಬೆ

ಹೊಸದುರ್ಗಕ್ಕೆ ಸಮುದ್ರ ತರದೆ ಬಿಡುವವರಲ್ಲ ನಮ್ಮ ಸೋದರಮಾವ! ಸಮುದ್ರವನ್ನು ಅವರು ಕಂಡವರೇ ಅಲ್ಲ ಎನ್ನುವುದು ಬೇರೆ ಮಾತು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಪೇಟೆಯಲ್ಲಿ ಅವರದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಸೊರಗಿತ್ತು. ಅದನ್ನು ಎಳೆಯುತ್ತಲೇ ಊರೆಲ್ಲ ಸುತ್ತುತ್ತಿದ್ದರು.

ಒಂದು ದಿನ ಕಡಲೆಕಾಯಿ ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಚಿತ್ರ ಕಂಡಿತು. ಯಾವನೋ ವಿದೇಶಿ, ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯನ್ನೇ ಸವಾರಿ ಮಾಡುತ್ತಿದ್ದಾನೆ! ಮುಗಿಯಿತು. ಮಾವ ಕಡಲೆಕಾಯಿ ನನ್ನ ಕೈಗೆ ಸುರಿದು ಕಾಗದ ಜೇಬಿಗಿಟ್ಟರು. ಮರುವಾರವೇ ಒಣಗಿದ ಕತ್ತಾಳೆ ಬೆಂಡು ಮನೆಗೆ ಬಂತು. ನಮ್ಮ ಕಡೆ ಈಜು ಕಲಿಯುವ ಹುಡುಗರು ಸೊಂಟಕ್ಕೆ ಕಟ್ಟಿಕೊಂಡು ಬಾವಿಗೆ ಹಾರುತ್ತಾರಲ್ಲ, ಅದೇ ಬೆಂಡು. ಮಾವನನ್ನು ಮಾತ್ರ ಅಜ್ಜಿ ಬಾವಿಯ ಹತ್ತಿರಕ್ಕೂ ಬಿಟ್ಟಿರಲಿಲ್ಲವಂತೆ.

ಬೆಂಡಿನಲ್ಲಿ ಹಲಗೆ ಕೆತ್ತಿ, ಮೇಲೊಂದು ಗೇಣುದ್ದದ ಬೊಂಬೆ ನಿಲ್ಲಿಸಿ, ಹಿಂದೆ ಪುಟ್ಟ ಚುಕ್ಕಾಣಿ ಇಟ್ಟರು. ದಡದಲ್ಲಿ ಗುಂಡಿ ಒತ್ತಿದರೆ ತಂತಿಯಿಲ್ಲದೆ ಚುಕ್ಕಾಣಿ ತಿರುಗಬೇಕು! ಅದಕ್ಕೆ ಬೇಕಾದ ಸಾಮಾನೆಲ್ಲಿ? ಅತ್ತೆಯ ರೇಡಿಯೊದ ಹೊಟ್ಟೆಯಲ್ಲಿ!

"ರೀ, ನನ್ ರೇಡಿಯೋ ಯಾಕೆ ಮಾತಾಡ್ತಾ ಇಲ್ಲ?"

"ಅದು ಈಗ ಈಜು ಕಲೀತಾ ಐತೆ ಕಣೇ!"

ಆಷಾಢದ ಗಾಳಿಗೆ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಎದ್ದೆದ್ದು ದಡಕ್ಕೆ ಬಡಿಯುತ್ತದೆ. ಬೊಂಬೆಗೆ ಅಷ್ಟು ಅಲೆ ಸಾಲದೇ? ಮತ್ತೋಡಿನ ಬಸ್ಸು ಹತ್ತಿ ಹೊರಟೆವು. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನಗೆ ನೀರಿಗಿಳಿದು ಬೊಂಬೆ ಬಿಡುವ ಉದ್ಯೋಗ ಸಿಕ್ಕಿತು. ಮೊದಲ ಅಲೆಗೇ ಹಲಗೆ ಮೂಗು ತೂರಿಸಿ ಮುಳುಗಿತು. ಮಾವ ಬೆಸ್ತರಿಂದ ಬಲೆಯ ಸೀಸದ ಗುಂಡು ಇಸಿದುಕೊಂಡು ಹಲಗೆಯ ಹಿಂಭಾಗಕ್ಕೆ ಕಟ್ಟಿದರು. ಈಗ ಮೂಗು ಆಕಾಶ ನೋಡಿತು! ಗುಂಡನ್ನು ಬೆರಳಷ್ಟು ಮುಂದೆ ಸರಿಸಿದರು. ಬೊಂಬೆ ಅಲೆ ಹತ್ತಿತು! ಅಷ್ಟರಲ್ಲಿ ಕುರಿ ಕಾಯುವವನ ನಾಯಿ ನೀರಿಗೆ ಹಾರಿ ಅದನ್ನು ಕಚ್ಚಿಕೊಂಡು ಬಂತು.

"ಮುಳುಗೋರನ್ನ ನಮ್ ನಾಯಿ ಬಿಡಲ್ರಿ" ಎಂದು ಕುರಿಗಾರ ಅದರ ಬೆನ್ನು ಸವರಿದ. ಮಾವ ಅದಕ್ಕೊಂದು ಬನ್ನು ಕೊಡಿಸಬೇಕಾಯಿತು.

ನಾಯಿಯನ್ನು ಕಟ್ಟಿಸಿದ ಮೇಲೂ ಬೊಂಬೆ ಬಲಕ್ಕೇ ಉರುಳುತ್ತಿತ್ತು. ಉರುಳದೆ ಇನ್ನೇನು? ಅದರ ಬಲಗಾಲು ಎಡಗಾಲಿಗಿಂತ ಗಿಡ್ಡ!

"ಮಾವ, ಎರಡೂ ಕಾಲು ಸಮ ಮಾಡಿದ್ರೆ ಆಗೋಯ್ತಲ್ಲ?"

"ಲೇ ಅಳಿಯ, ಕಾಲಿನ ಸುದ್ದಿಗೆ ಬರಬೇಡ. ಅದು ಹಂಗೇ ನಿಂತ್ಕಬೇಕು!"

ಎಂಥ ಹಟ! ಗುಂಡನ್ನು ಎಡಕ್ಕೆ ಸರಿಸುವುದು, ಬೊಂಬೆ ಬೀಳುವುದು, ಮತ್ತೆ ಸರಿಸುವುದು. ಆಷಾಢ ಮುಗಿಯುತ್ತಾ ಬಂತು. ಅತ್ತೆಯ ತಾಳ್ಮೆಯೂ ಮುಗಿಯಿತು.

"ನಾಳೆ ನಾನೂ ಬರ್ತೀನಿ. ನಿಂತ್ರೆ ಸರಿ. ಬಿದ್ರೆ ಬೊಂಬೆ ಒಲೆಗೆ, ಸಾಮಾನು ರೇಡಿಯೋಗೆ!"

ಮರುದಿನ ದಡದಲ್ಲಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಪಕ್ಕದಲ್ಲೇ ಮಾವ ಗುಂಡಿಯ ಮೇಲೆ ಬೆರಳಿಟ್ಟು ಕಾದರು. ಎದೆಮಟ್ಟದ ನೀರಿನಲ್ಲಿ ನಿಂತು ನಾನು ಬೊಂಬೆ ಬಿಟ್ಟೆ. ಅಲೆ ಬಂತು, ಹಲಗೆಯನ್ನು ಎತ್ತಿತು. ಬೊಂಬೆ ಬಲಕ್ಕೆ ವಾಲಿತು, ವಾಲಿದಂತೆಯೇ ನಿಂತಿತು! ಮಾವ ಗುಂಡಿ ಒತ್ತಿದರು. ಅದು ಅಲೆಯ ಮೈಮೇಲೆ ಅಡ್ಡಲಾಗಿ ಜಾರಿತು! ನಾನು ನೀರಿನಲ್ಲೇ ಕುಣಿದೆ. ಹಿಂದಿನಿಂದ ಇನ್ನೊಂದು ದೊಡ್ಡ ಅಲೆ ಏಳುತ್ತಿತ್ತು.

"ರೀ, ಹುಷಾರು ಕಣ್ರೀ! ಬೀಳ್ತೀರಾ!" ಎಂದು ಅತ್ತೆ ಕೂಗಿದರು.

ತಿರುಗಿ ನೋಡಿದೆ. ಅತ್ತೆಯ ಕಣ್ಣು ಪಕ್ಕದಲ್ಲಿದ್ದ ಮಾವನ ಮೇಲಿರಲಿಲ್ಲ, ಆ ಗಿಡ್ಡಕಾಲಿನ ಬೊಂಬೆಯ ಮೇಲಿತ್ತು.

ಮಾವನೂ ಅಲೆಯಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದರು: "ಹೆದರಬೇಡ ಕಣೇ. ನಿಂತಿದೀನಿ."