ಮೂರು ಸೀಟಿಯ ಶಾಲೆ

ನನ್ನ ಸೊಸೆಗೆ ತಲೆ ನೆಟ್ಟಗಿಲ್ಲ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವಳೆದುರಿಗೇ, ಅವಳು ಬಡಿಸಿದ ರೊಟ್ಟಿ ತಿನ್ನುತ್ತಲೇ, ನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಅವಳು ಒಮ್ಮೆಯೂ ಅಲ್ಲವೆಂದಿಲ್ಲ. "ಇರಬಹುದು ಅತ್ತಿ. ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎನ್ನುತ್ತಾಳೆ. ಇಂಥವಳ ಜೊತೆ ಜಗಳವಾಡುವುದಾದರೂ ಹೇಗೆ?

ಐದು ವರ್ಷ ಟೀಚರಾಗಿ ಮಂದಿಯ ಮಕ್ಕಳಿಗೆ ಕಲಿಸಿದವಳು ಇವಳು. ತನ್ನ ಮಕ್ಕಳ ಪಾಳಿ ಬಂದಾಗ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ದೊಡ್ಡ ಮಗಳನ್ನು ಶಾಲೆಯಿಂದ ಬಿಡಿಸಿ ತಂದಳು. ಸಣ್ಣವಳಿಗೆ ಶಾಲೆಯ ಬಾಗಿಲನ್ನೇ ತೋರಿಸಲಿಲ್ಲ. ನವನಗರದಲ್ಲಿ ಶಾಲೆಗೇನು ಬರವೇ? ನಮ್ಮ ಮನೆಯ ಮಾಳಿಗೆಯಿಂದ ಕಲ್ಲು ಒಗೆದರೆ ಯಾವುದಾದರೊಂದು ಶಾಲೆಯ ಕಾಂಪೌಂಡಿನೊಳಗೇ ಬೀಳುತ್ತದೆ.

"ಯಾಕವಾ ಹಿಂಗ ಮಾಡ್ತಿ?" ಎಂದು ಕೇಳಿದೆ.

"ಅಲ್ಲಿ ಮಕ್ಕಳಿಗೆ ಬರೇ ಓಡೋದು ಕಲಸ್ತಾರ ಅತ್ತಿ. ನಿಂತು ನೋಡಾಕ, ದೇವರ ಜೋಡಿ ಎರಡು ಮಾತಾಡಾಕ ಪುರಸೊತ್ತು ಕೊಡಂಗಿಲ್ಲ."

ದೇವರ ಜೊತೆ ಮಾತಾಡಲು ಚರ್ಚಿನಲ್ಲಿ ಭಾನುವಾರದ ಪೂಜೆ ಸಾಲದೇ ಎಂದೆ. "ಸಾಲಂಗಿಲ್ಲ" ಎಂದಳು. ನನ್ನ ಮಗನಿಗೆ ಮೋಟಾರು ರಿಪೇರಿ ಅಂಗಡಿಯಿದೆ. ಸುಟ್ಟ ಮೋಟಾರು ಯಾಕೆ ಸುಟ್ಟಿತೆಂದು ಮುಟ್ಟಿಯೇ ಹೇಳುತ್ತಾನೆ, ಹೆಂಡತಿಯ ವಿಷಯದಲ್ಲಿ ಮಾತ್ರ ಬಾಯಿಲ್ಲ. ನಮ್ಮಿಬ್ಬರ ನಡುವೆ ಕೂತು ಊಟ ಮಾಡಿ ಎದ್ದು ಹೋಗುತ್ತಾನೆ.

ಅವಳ ಶಾಲೆ ನಡೆಯುವುದು ಅಡುಗೆಮನೆಯಲ್ಲಿ. ಗಂಟೆಯೆಂದರೆ ಕುಕ್ಕರು. ಮೊದಲ ಸೀಟಿಗೆ ಕೈಕಾಲು ತೊಳೆದು ಬರಬೇಕು, ಎರಡನೆಯದಕ್ಕೆ ಶಿಲುಬೆಯ ಗುರುತು ಮಾಡಿ ಪ್ರಾರ್ಥನೆ, ಮೂರನೆಯದಕ್ಕೆ ಪಾಟಿ-ಬಳಪ ಕೈಯಲ್ಲಿರಬೇಕು. ಒಂದು ದಿನ ಗ್ಯಾಸ್ ತೀರಿತು. ರಜೆ ಎಂದು ಮಕ್ಕಳು ಕುಣಿದರು. ಸೊಸೆ ಎರಡು ಬೆರಳು ಬಾಯಿಗಿಟ್ಟು ತಾನೇ ಮೂರು ಸೀಟಿ ಹೊಡೆದಳು. ಎದುರು ಮನೆಯವರು ಕಿಟಕಿ ಹಾಕಿಕೊಂಡರು.

ಲೆಕ್ಕ ಕಲಿಸಿದ್ದು ಜಪಸರದ ಮಣಿಗಳ ಮೇಲೆ. ಹತ್ತು ಮಣಿಗೆ ಹತ್ತು ನಮೋ ಮರಿಯಾ, ಆಮೇಲೆ ತಲೆಬಾಗಿ ದೇವರಿಗೆ ಮಹಿಮೆ ಹೇಳಿ ಮುಂದಿನ ಹತ್ತು. ಪರಿಣಾಮ ಏನಾಯಿತು? ಸಂತೆಯಲ್ಲಿ ನಿಂಬೆಹಣ್ಣು ಮಾರುವ ಚಾಚಾ ಹಣ್ಣು ಎಣಿಸಿ ಚೀಲಕ್ಕೆ ಹಾಕುತ್ತಿದ್ದ. ಹತ್ತಕ್ಕೆ ಬಂದಕೂಡಲೇ ನಮ್ಮ ಸಣ್ಣವಳು "ತಡೀರಿ" ಎಂದು ಕೈ ಅಡ್ಡ ಹಿಡಿದು, ತಲೆ ಬಾಗಿಸಿ, ಪಿತನಿಗೂ ಸುತನಿಗೂ ಪವಿತ್ರಾತ್ಮರಿಗೂ ಮಹಿಮೆ ಹೇಳಿ, "ಈಗ ಹಾಕ್ರಿ" ಎಂದಳು. ನನಗೆ ನೆಲ ಬಿರಿದರೆ ಸಾಕೆನಿಸಿತು. ಇಪ್ಪತ್ತಕ್ಕೆ ಚಾಚಾನೇ ಕೈ ತಡೆದ. "ಹೇಳವಾ, ನಿಂದು ಮುಗೀಲಿ. ದೇವರ ನಡುವ ನಾ ಬರಂಗಿಲ್ಲ." ಕೊನೆಗೆ ಎರಡು ಹಣ್ಣು ಕೊಸರು ಬೇರೆ ಹಾಕಿದ.

ಸಂಜೆಯ ಜಪಸರಕ್ಕೂ ಅವಳದೇ ಕಾನೂನು. ಪ್ರತಿ ಹತ್ತನ್ನೂ ಒಬ್ಬರಿಗಾಗಿ ಹೇಳಬೇಕು. ಮೊದಲನೆಯದು ದವಾಖಾನೆಯಲ್ಲಿ ಮಲಗಿದವರಿಗೆ. ಎರಡನೆಯದು ಅಪ್ಪನ ಅಂಗಡಿಯ ಸುಟ್ಟ ಮೋಟಾರುಗಳಿಗೆ. ಇದು ಸಣ್ಣವಳು ಸೇರಿಸಿದ್ದು, ತಾಯಿ ತೆಗೆಯಲಿಲ್ಲ. ಮೂರನೆಯದು "ಸಾಲಿ ಬಿಡಿಸಿದ ಒಬ್ಬ ಹುಡುಗಿ ಸಲುವಾಗಿ". ಬೇವೂರಿನಿಂದ ಹಾಲು ತರುವವಳ ಮಗಳಿರಬೇಕು ಎಂದುಕೊಂಡಿದ್ದೆ. ಮಂದಿಯ ಮಗಳಿಗಾಗಿ ಮರುಗುವವಳು ತನ್ನವರನ್ನು ಮೊದಲು ಶಾಲೆಗೆ ಕಳಿಸಬಾರದೇ ಎಂದು ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೇ ಎಲ್ಲರಿಗಿಂತ ಜೋರಾಗಿ "ಕರ್ತರೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎನ್ನುತ್ತಿದ್ದೆ.

ಇತಿಹಾಸದ ಪಾಠಕ್ಕೆ ಬಾದಾಮಿಯ ಬಸ್ಸು ಹತ್ತಿಸಿದಳು. ಗುಹೆಗಳ ಮೆಟ್ಟಿಲ ಮೇಲೆ ಒಂದು ಮಂಗ ದೊಡ್ಡವಳ ಕೈಯಿಂದ ನೋಟುಬುಕ್ಕು ಕಿತ್ತುಕೊಂಡು ಬಂಡೆ ಹತ್ತಿ, ಒಂದೊಂದೇ ಹಾಳೆ ಹರಿದು ರುಚಿ ನೋಡತೊಡಗಿತು.

"ಅವ್ವಾ, ಬರದದ್ದೆಲ್ಲಾ ಮಂಗ್ಯಾ ಒಯ್ತು."

"ನೋಡೀನಿ. ನಾಳೆ ಮುಂಜಾನೆ ಮತ್ತ ಬರಕೊಂಡು ಬಾ."

ಬೇರೆ ಶಾಲೆಯಲ್ಲಾದರೆ ಟೀಚರು ನಂಬುತ್ತಿರಲಿಲ್ಲ. ಇಲ್ಲಿ ಕಣ್ಣಾರೆ ನೋಡಿಯೂ ಬಿಡಲಿಲ್ಲ.

ಇದೆಲ್ಲ ಹೋಗಲಿ, ನಮ್ಮ ಮನೆಯಲ್ಲಿ ಸುಳ್ಳು ಹೇಳುವಂತಿಲ್ಲ. ಸಣ್ಣದೂ ಇಲ್ಲ, ಮರ್ಯಾದೆಗೆ ಹೇಳುವುದೂ ಇಲ್ಲ. ಫಾದರ್ ಊಟಕ್ಕೆ ಬಂದಾಗ ನಾನು ಮಾಡಿದ ಬದನೆಕಾಯಿ ಪಲ್ಯವನ್ನು ಹೊಗಳಿದರು. ಸಣ್ಣವಳು ತಟ್ಟೆಯಿಂದ ತಲೆ ಎತ್ತದೆ, "ಅದು ನಿನ್ನೆ ರಾತ್ರಿದು ಐತ್ರಿ" ಎಂದಳು. ಫಾದರ್ ಸುಮ್ಮನೆ ಮೊಸರು ಕೇಳಿದರು.

ಈಗ ನನ್ನ ಮಾತು. ನನ್ನ ತವರು ಇಲಕಲ್ಲು. ಮೂರನೆಯ ತರಗತಿಯಲ್ಲಿ ಭಾಗಾಕಾರ ಶುರುವಾದ ವಾರವೇ ಅಪ್ಪ ನನ್ನನ್ನು ಶಾಲೆ ಬಿಡಿಸಿ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದ. ಓದುವುದನ್ನು ಆಮೇಲೆ ಪ್ರಾರ್ಥನೆಯ ಪುಸ್ತಕ ಹಿಡಿದು ಹೇಗೋ ಗಟ್ಟಿ ಮಾಡಿಕೊಂಡೆ. ಭಾಗಾಕಾರ ಅಲ್ಲೇ ಉಳಿಯಿತು. ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡವಳನ್ನು ಬಿಡಿಸಿದಾಗಲೇ ಸೊಸೆಗೆ ಇದನ್ನು ಒಮ್ಮೆ ಹೇಳಿದ್ದೆ. ಕೇಳಿಸಿಕೊಂಡಳು, ಕುಕ್ಕರ್ ಇಳಿಸಿದಳು, ತನ್ನ ಹಟ ಬಿಡಲಿಲ್ಲ.

ಆದ್ದರಿಂದ ಈ ಬೇಸಿಗೆಯಲ್ಲಿ ನಾನು ಒಂದು ಕೆಲಸ ಮಾಡಿದೆ. ಶಾಲೆ ಬಿಟ್ಟ ಮಕ್ಕಳನ್ನು ಬರೆದುಕೊಳ್ಳಲು ಸಾಹೇಬರೊಬ್ಬರು ಮನೆಮನೆಗೆ ಬರುತ್ತಾರೆಂದು ಪಕ್ಕದ ಮನೆಯ ಟೀಚರು ಹೇಳಿದ್ದರು. "ನಮ್ಮ ಮನ್ಯಾಗೂ ಎರಡು ಅದಾವ, ಕಳಸ್ರಿ" ಎಂದುಬಿಟ್ಟೆ.

ಸಾಹೇಬರು ಬಂದರು. ಸೊಸೆ ಕುರ್ಚಿ ಕೊಟ್ಟು ಚಹಾ ಇಡಲು ಹೋದಳು. ಅವರು ರಿಜಿಸ್ಟರ್ ಬಿಚ್ಚಿ ನನ್ನನ್ನೇ ಕೇಳಿದರು: "ಅಮ್ಮಾರ, ಈ ಮನ್ಯಾಗ ಸಾಲಿ ಬಿಟ್ಟವರು ಎಷ್ಟು ಮಂದಿ ಅದಾರ?"

ಎರಡು ಎಂದರೆ ಮುಗಿಯಿತು. ಜೂನ್‌ನಲ್ಲಿ ಇಬ್ಬರೂ ಸಮವಸ್ತ್ರ ಹಾಕಿಕೊಂಡು ಹೊರಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಇಕ್ಕಳ ಹಿಡಿದು ನಿಂತಿದ್ದಳು. ಬೇಡ ಎನ್ನಲಿಲ್ಲ, ಕಣ್ಣಸನ್ನೆಯನ್ನೂ ಮಾಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸಣ್ಣವಳು ಮುಂದೆ ಬಂದಳು.

"ಒಬ್ಬಾಕಿ ಅದಾಳ್ರಿ. ನಮ್ಮ ಆಯಿ."

"ಯಾವ ಆಯಿ?"

"ಈಕೀನ. ಇವರಪ್ಪ ಮೂರನೇ ಕ್ಲಾಸಿನ್ಯಾಗ ಬಿಡಿಸ್ಯಾನ. ಭಾಗಾಕಾರ ಬರಂಗಿಲ್ಲ. ದಿನಾ ಸಂಜಿಕೆ ಮೂರನೇ ಹತ್ತು ನಾವು ಈಕಿ ಸಲುವಾಗೇ ಹೇಳ್ತೀವ್ರಿ."

ಸಾಹೇಬರು ಪೆನ್ನು ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗಿ ಹಾಲಿನವಳ ಮಗಳಲ್ಲ, ಬೇರೆ ಯಾರ ಮಗಳೂ ಅಲ್ಲ. ನಾಲ್ಕು ವರ್ಷ ನನಗಾಗಿ ನಾನೇ, ಅದೂ ಸಿಟ್ಟಿನಲ್ಲಿ, ಗಂಟಲು ಹರಿದುಕೊಂಡಿದ್ದೆ!

"ಇರ್ಲಿ ಅಮ್ಮಾರ, ನೀವ ಹೇಳ್ರಿ. ಈ ಹುಡುಗ್ಯಾರು ಓದ್ತಾರೋ ಇಲ್ಲೋ?"

"ಓದ್ತಾರ" ಎಂದೆ. "ಮಂಗ್ಯಾ ಹರದು ತಿಂದ್ರೂ ಇವರವ್ವ ಬಿಡಂಗಿಲ್ಲ. ದೊಡ್ಡಾಕಿ ನೋಟುಬುಕ್ಕು ನೋಡ್ರಿ, ಚಹಾ ಕುಡೀರಿ, ಹೋಗಿ ಬರ್ರಿ."

ಅವರು ಮುಕ್ಕಾಲು ತಾಸು ಕೂತು ನೋಟುಬುಕ್ಕುಗಳನ್ನೆಲ್ಲ ನೋಡಿದರು. ಹತ್ತನೆಯ ತರಗತಿಯ ಪರೀಕ್ಷೆಗೆ ಇಬ್ಬರನ್ನೂ ಖಾಸಗಿಯಾಗಿ ಕೂರಿಸುತ್ತೇನೆ ಎಂದು ಸೊಸೆ ಹೇಳಿದ್ದನ್ನು ಬರೆದುಕೊಂಡು ಹೋದರು. ನಾನು ಅಡುಗೆಮನೆಗೆ ಹೋದೆ.

"ಅವರನ್ನ ಕರಸಿದಾಕಿ ನಾನು."

"ಗೊತ್ತೈತಿ ಅತ್ತಿ. ಟೀಚರು ನಿನ್ನೆನ ಹೇಳಿದ್ರು."

"ಮತ್ತ ಬಾಯಿ ಯಾಕ ಬಿಡಲಿಲ್ಲ?"

"ಏನನ್ಲಿ? ನೀವೇನ್ ಸುಳ್ಳು ಹೇಳೀರೇನ್ರಿ? ನಿಮಗ ಖರೆ ಅನಿಸಿದ್ದು ಹೇಳೀರಿ."

ಹೇಳಿದೆನಲ್ಲ, ತಲೆ ನೆಟ್ಟಗಿಲ್ಲ.

ಅಂದು ಸಂಜೆ ಮೂರನೆಯ ಹತ್ತು ಬಂತು. ಸೊಸೆ ಎಂದಿನಂತೆಯೇ ಹೇಳಿದಳು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಮಣಿ ಹಿಡಿದು ತುಟಿಯಲ್ಲೇ ಹೇಳಿಕೊಂಡೆ. ಸಣ್ಣವಳು ಮೊಣಕೈಯಿಂದ ತಿವಿದಳು: "ಆಯಿ, ಜೋರ ಹೇಳು. ದಿನಾ ಹೇಳ್ತಿಯಲ್ಲ."

ಮರುದಿನ ಬೆಳಗ್ಗೆ ನನ್ನ ಬೆತ್ತದ ಮೋಡಾ ಎಳೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಕೂತೆ.

"ಭಾಗಾಕಾರ ಯಾವಾಗ ಕಲಸ್ತಿ?" ಎಂದೆ.

ಸೊಸೆ ಬೇಳೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಆದರೆ ತೊಳೆದಿದ್ದ ಬೇಳೆಯನ್ನೇ ಮತ್ತೆ ಎರಡು ಸಲ ತೊಳೆದಳು.

"ಮೂರನೇ ಸೀಟಿಗೆ ಅತ್ತಿ" ಎಂದಳು ಆಮೇಲೆ. "ಮೊದಲ ಕೈಕಾಲು ತೊಳಕೊಂಡು ಬರ್ರಿ."