ಈಸಲು ಹುಳದ ಕಾರುಬಾರು

ಲೋಹದ ವಿಷಯದಲ್ಲಿ ತಿಮ್ಮರಾಯಪ್ಪನಿಗೆ ಪಾಠ ಹೇಳುವವನು ಹೊಸೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗೆಂದು ತಿಮ್ಮರಾಯಪ್ಪನೇ ಹೇಳುತ್ತಿದ್ದ. ಫ್ಯಾಕ್ಟರಿಯಲ್ಲಿ ಹತ್ತು ವರ್ಷದಿಂದ ಬೋಲ್ಟುಗಳನ್ನು ತಿರುಗಿಸಿ ನೋಡಿ ಪಾಸು, ಫೇಲು ಎಂದು ತೀರ್ಪು ಕೊಡುವ ಇನ್‌ಸ್ಪೆಕ್ಟರು ಅವನು. ಆಲಸನತ್ತದ ಮನೆಯಲ್ಲೂ ಅದೇ ದರ್ಬಾರು. ಹೆಂಡತಿ ಆದಿಲಕ್ಷ್ಮಮ್ಮ ಬಡಿಸಿದ ಮುದ್ದೆಯನ್ನು ಸಹ ಒಂದು ಸುತ್ತು ತಿರುಗಿಸಿ ನೋಡಿಯೇ ಪಾಸು ಮಾಡುತ್ತಿದ್ದ.

ಆ ಶನಿವಾರ ಮಗಳ ಮದುವೆಯ ಮಾತಿಗೆಂದು ಗಂಡಹೆಂಡಿರು ಕೃಷ್ಣಗಿರಿಗೆ ಹೋಗಿದ್ದರು, ಅದೂ ಕಾರಿನಲ್ಲಿ. ಕಾರು ಆದಿಲಕ್ಷ್ಮಮ್ಮನ ಅಣ್ಣ, ಕೆಲಮಂಗಲದ ಬಚ್ಚಪ್ಪನದು. ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದಾದಂಥ ಕಪ್ಪು ಅಂಬಾಸಿಡರ್. ಬಾನೆಟ್ಟಿನ ಎಡಗಡೆ ತಟ್ಟೆಯಗಲದ ತಿರುಪತಿ ತಿಮ್ಮಪ್ಪನ ಪಟ ಅಂಟಿಸಿತ್ತು. ಮುಂದೆ ತಿಮ್ಮಪ್ಪ, ಸ್ಟೀರಿಂಗ್ ಹಿಂದೆ ತಿಮ್ಮರಾಯಪ್ಪ, ಇನ್ನೇನು ಬೇಕು?

ಬೀಗದ ಕೈ ಕೊಡುವಾಗ ಬಚ್ಚಪ್ಪ ಹೇಳಿದ್ದ: "ಭಾನುವಾರ ಮದ್ಯಾನ ಊಟಕ್ಕೆ ಬತ್ತೀನಿ, ಬಾವ. ಕಾರು ಕೊಟ್ಟಂಗೇ ಇರ್ಬೇಕು. ಇದ್ರೆ ಮದ್ವೆ ಮೆರವಣಿಗೆಗೂ ಕೊಡಾನ."

ತಿಮ್ಮರಾಯಪ್ಪ ಅಷ್ಟು ಕಾಯುವ ಪೈಕಿಯಲ್ಲ. ಕೃಷ್ಣಗಿರಿಯಲ್ಲಿ ಕಾಫಿ ಲೋಟ ಕೆಳಗಿಡುವ ಮೊದಲೇ ಬೀಗರಿಗೆ ಮಾತು ಕೊಟ್ಟುಬಿಟ್ಟ: "ಗಂಡಿನ ಮೆರವಣಿಗೆ ಈ ಕಾರಲ್ಲೇ. ನಮ್ ಬಾವಂದು ಅಂದ್ರೆ ನಮ್ದೇ ಅಲ್ವಾ?"

ವಾಪಸು ಬರುವಾಗ ಸೂಳಗಿರಿಯಲ್ಲಿ ಮಳೆ ಬಂದು ನಿಂತಿತ್ತು. ಮುಸ್ಸಂಜೆ. ಭೂಮಿ ಬಾಯಿ ಬಿಟ್ಟಂತೆ ಹುತ್ತಹುತ್ತದಿಂದ ರೆಕ್ಕೆ ಬಂದ ಗೆದ್ದಲು, ಈಸಲು ಹುಳ, ಎದ್ದವು. ಒಂದೆರಡಲ್ಲ, ಬೀಗರ ಕಡೆಯ ದಿಬ್ಬಣದಂತೆ ಬಂದು ಪಟಪಟನೆ ಬಾನೆಟ್ಟಿಗೆ ಬಡಿದು ಅಂಟಿಕೊಂಡವು.

"ನಮ್ಮೂರಾಗೆ ಇವನ್ನ ಹುರ್ಕಂಡು ತಿಂತಿದ್ವಿ" ಎಂದಳು ಆದಿಲಕ್ಷ್ಮಮ್ಮ.

"ಇಲ್ಲಿ ಅವೇ ಹುರ್ಕಂತಾ ಅವೆ, ಎಂಜಿನ್ ಬಿಸೀಗೆ."

ಬೆಳಗ್ಗೆ ನೋಡಿದರೆ ಮೀಸೆ ಕಾಣುವ ಜಾಗದಲ್ಲೆಲ್ಲ ರೆಕ್ಕೆ. ನೀರು ಎರಚಿದ, ಹೋಗಲಿಲ್ಲ. ಬಟ್ಟೆಯಲ್ಲಿ ಒರೆಸಿದ, ಬಟ್ಟೆಯೇ ಹರಿಯಿತು. ಗಂಟೆ ಒಂಬತ್ತಾಯಿತು. ತಿಮ್ಮರಾಯಪ್ಪ ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿ ಹುಣಸೆಹಣ್ಣು, ಇಟ್ಟಿಗೆ ಪುಡಿಯ ಡಬ್ಬ, ತೆಂಗಿನ ನಾರು ಮೂರನ್ನೂ ಹೊತ್ತು ತಂದ.

"ಅದ್ಯಾಕೆ?" ಎಂದಳು ಹೆಂಡತಿ.

"ಹಿತ್ತಾಳೆ ಬಿಂದಿಗೆ ಇದ್ರಾಗೇ ಅಲ್ವಾ ಥಳಥಳ ಅನ್ನೋದು? ಅದೂ ಮೆಟಲ್ಲು, ಇದೂ ಮೆಟಲ್ಲು."

"ಒಸಿ ನನ್ ಮಾತು ಕೇಳಿ..."

"ಮೆಟಲ್ ವಿಷ್ಯ ನಂಗೆ ಬುಡು. ನೀನು ಮುದ್ದೆ ನೋಡು."

ಅವಳು ಮುದ್ದೆ ನೋಡಲು ಹೋದಳು. ಅವನು ಬಾನೆಟ್ಟಿನ ಬಲಗಡೆ ಕೂತು, ಹಿಂದಿನ ಜನ್ಮದ ಪಾಪವನ್ನೆಲ್ಲ ಇವತ್ತೇ ತೊಳೆಯುವವನಂತೆ ಉಜ್ಜಿದ. ಹುಳ ಹೋಯಿತು. ಅದರ ಹಿಂದೆಯೇ ಹೊಳಪೂ ಹೋಯಿತು. ತಟ್ಟೆಯಗಲದ ಜಾಗ ಬೂದಿ ಬಳಿದ ಒಲೆಯ ಹಾಗೆ ಮಂಕಾಗಿ ಕೂತಿತು. ಇನ್ನುಳಿದ ಕಡೆ ಹುಳಗಳು ಹಾಗೇ ಇದ್ದವು. ಹತ್ತು ವರ್ಷದ ಸರ್ವೀಸಿನಲ್ಲಿ ತಿಮ್ಮರಾಯಪ್ಪ ಮೊದಲ ಸಲ ತನ್ನ ಕೆಲಸವನ್ನೇ ಫೇಲು ಮಾಡಿದ.

"ಲಕ್ಷ್ಮೀ..." ಎಂದು ಕರೆದ ದನಿಯಲ್ಲಿ ಇನ್‌ಸ್ಪೆಕ್ಟರು ಇರಲಿಲ್ಲ. "ಬೀಗರಿಗೆ ಮಾತು ಕೊಟ್ಟಿವ್ನಿ ಕಣೆ."

ಅವಳು ಬಂದು ನೋಡಿದಳು. ಎರಡು ಗೋಣಿಚೀಲ ನೀರಿನಲ್ಲಿ ಅದ್ದಿ ಹುಳ ಇದ್ದ ಕಡೆಯೆಲ್ಲ ಹಾಸಿದಳು.

"ಮದ್ವೆ ಆಗಿ ಇಪ್ಪತ್ತೆರಡು ವರ್ಷ. ಒಂದ್ ದಿನಾನಾದ್ರೂ ಮುದ್ದೆ ಪಾತ್ರೆ ತೊಳ್ದಿದ್ರೆ ಗೊತ್ತಾಗಿರೋದು. ಒಣಗಿದ್ ಹಿಟ್ಟನ್ನ ಉಜ್ಜಿದ್ರೆ ಪಾತ್ರೆ ಸವೀತದೆ, ಹಿಟ್ಟು ಬರಲ್ಲ. ನೆನೆಯಾಕ್ಬೇಕು."

ಅರ್ಧ ಗಂಟೆ ಕಳೆದು ಗೋಣಿ ತೆಗೆದು ಬಟ್ಟೆ ಆಡಿಸಿದಳು. ಈಸಲು ಹುಳಗಳು ಮದುವೆಮನೆಯಿಂದ ಊಟ ಮುಗಿಸಿ ಹೊರಟ ನೆಂಟರಂತೆ ತಾವಾಗಿಯೇ ಎದ್ದು ಹೋದವು. ಉಳಿದದ್ದು ಬಲಗಡೆಯ ಬೂದಿಚಂದ್ರ ಮಾತ್ರ. ಅದರ ಮೇಲೆ ಅವಳು ಒತ್ತಾಗಿ ಅರಿಸಿನ ಬಳಿದು, ನಡುವೆ ಅಂಗೈಯಗಲ ಕುಂಕುಮ ಇಟ್ಟು, ಒಂದು ಮೊಳ ಕನಕಾಂಬರ ಸುತ್ತಿದಳು.

ಹನ್ನೆರಡೂವರೆ ಬಸ್ಸಿಗೆ ಬಚ್ಚಪ್ಪ ಬಂದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅರಿಸಿನದ ಮುಂದೆ ನಿಂತು ಕೈಮುಗಿದ. ತಿಮ್ಮರಾಯಪ್ಪನಿಗೆ ಹೋದ ಜೀವ ಬಂತು. ಆಮೇಲೆ ಬಚ್ಚಪ್ಪ ಹೆಬ್ಬೆರಳಿನಲ್ಲಿ ಅರಿಸಿನದ ಅಂಚನ್ನು ಮೆಲ್ಲಗೆ ತಿಕ್ಕಿದ. ಬಂದ ಜೀವ ಮತ್ತೆ ಹೊರಟಿತು.

"ಇಟ್ಟಿಗೆ ಪುಡೀನಾ, ಬಾವ?"

"...ಹುಣಸೆಹಣ್ಣೂ ಇತ್ತು."

ಬಚ್ಚಪ್ಪ ಬಾನೆಟ್ಟಿನ ಎಡಗಡೆಗೆ ಹೋಗಿ, ತಿಮ್ಮಪ್ಪನಿಗೆ ಕೈಮುಗಿದು, ಪಟದ ಒಂದು ಮೂಲೆ ಬಿಡಿಸಿ ಎತ್ತಿದ. ಕೆಳಗೆ ಅಷ್ಟೇ ಅಗಲದ, ಅಷ್ಟೇ ಮಂಕಾದ ಇನ್ನೊಂದು ಚಂದ್ರ.

"ನಂದು ಬರೀ ಮರಳು. ಮೂರ್ ವರ್ಷ ಆಯ್ತು, ಇದೇ ಈಸಲು" ಎಂದು ಮೂಲೆಯನ್ನು ಮತ್ತೆ ಒತ್ತಿ ಅಂಟಿಸಿದ. "ಬಲಗಡೀಕೆ ಪದ್ಮಾವತಿ ಅಮ್ಮನ ಪಟ ತಂದು ಅಂಟ್ಸು. ಗಂಡೂ ಹೆಣ್ಣೂ ಕೂರೋ ಕಾರು, ಮುಂದ್ಗಡೆ ದೇವ್ರೂ ಜೋಡೀಲೇ ಇರ್ಲಿ."

ಊಟ ಗಡದ್ದಾಗಿ ಆಯಿತು. ಆ ದಿನ ತಿಮ್ಮರಾಯಪ್ಪ ಮುದ್ದೆಯನ್ನು ತಿರುಗಿಸಿ ನೋಡದೆ ನುಂಗಿದ. ಕೈ ತೊಳೆದು ಬರುವಷ್ಟರಲ್ಲಿ ಆದಿಲಕ್ಷ್ಮಮ್ಮ ಹಿಟ್ಟು ಅಂಟಿದ ಮುದ್ದೆಯ ಪಾತ್ರೆಯನ್ನು ತಂದು ಇಬ್ಬರ ನಡುವೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ತಿಮ್ಮರಾಯಪ್ಪ ಪಾತ್ರೆ ನೋಡಿದ. ನಿಟ್ಟುಸಿರು ಬಿಟ್ಟು ಇಟ್ಟಿಗೆ ಪುಡಿಯ ಡಬ್ಬಕ್ಕೆ ಕೈ ಹಾಕಿದ. ಬಚ್ಚಪ್ಪ ಥಟ್ಟನೆ ಆ ಕೈ ಹಿಡಿದುಕೊಂಡ.

"ನೆನೀಲಿ ಬುಡು, ಬಾವ."